ಮುರಕಲ್ಲಿನ ಪದವಿನಲ್ಲಿ ಕಾರು ಜಾರಿಸಿದ್ದು

ಎಂಬತ್ತರ ದಶಕದ ಆರಂಭದಲ್ಲಿ, ಒಂದು ಮಳೆಗಾಲದ ಕೊನೆಗೆ, ಕಾಪುವಿನ ಹತ್ತಿರ ನಮ್ಮ ಹಳೆಯ ಫಿಯೆಟ್ ನನ್ನ ಕೈತಪ್ಪಿ ಜಾರಿತು. ಮಲ್ಪೆಯ ಮೀನಿನ ಲಾರಿಗಳು ಸುರಿಸಿಕೊಂಡು ಹೋದ ನೀರಿನ ಮೇಲೆ, ತಿರುವಿನಲ್ಲಿ, ನಾನು ಬ್ರೇಕ್ ಒತ್ತಿದ್ದೆ. ಕಾರು ಗಿರ್ರನೆ ತಿರುಗಿ, ಬಂದ ದಾರಿಗೇ ಮುಖಮಾಡಿ ನಿಂತಿತು. ಪಕ್ಕದಲ್ಲಿದ್ದ ಅಪ್ಪ ಬೈಯಲಿಲ್ಲ. ಬಾಗಿಲು ತಡವಿ ತೆಗೆದು, ಇಳಿದು, ರಸ್ತೆಬದಿಯಲ್ಲಿ ಕುಳಿತು ವಾಂತಿ ಮಾಡಿದರು.

ಆಮೇಲೆ ನಾನು ಕಾರಿನ ಕೀಲಿಕೈ ಮುಟ್ಟಲಿಲ್ಲ. ಅಪ್ಪನ ಕಣ್ಣು ಮಂಜಾಗಿತ್ತು. ಅದನ್ನು ತೋರಿಸಲು ಕಾರ್ಕಳದ ಮನೆಯಿಂದ ಮಣಿಪಾಲದ ಆಸ್ಪತ್ರೆಗೆ ಬಸ್ಸಿನಲ್ಲೇ ಹೋಗುತ್ತಿದ್ದೆವು. ಮೆಟ್ಟಿಲು ಕಾಣದೆ ಅವರು ಗಾಳಿಯಲ್ಲಿ ಕಾಲಾಡಿಸುವಾಗ ನನಗೆ ಅಳು ಬರುತ್ತಿತ್ತು. ಆದರೂ ಕಾರಿನಲ್ಲಿ ಕುಳಿತ ಕೂಡಲೇ ಸೀಟು ನನ್ನ ಕೆಳಗಿನಿಂದ ಜಾರಿದಂತಾಗುತ್ತಿತ್ತು.

ಆ ದಿನಗಳಲ್ಲೇ ಮಾವ್ಶಿ, ಎಂದರೆ ಅಮ್ಮನ ತಂಗಿ, ನೈರೋಬಿಯಿಂದ ಮರಳಿದರು. ಅಲ್ಲಿನ ಕೆಸರು ರಸ್ತೆಗಳಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವರು ಅವರು.

"ಇನ್ನೊಮ್ಮೆ ಜಾರಿದರೆ ಎಂತ ಮಾಡುವುದು, ಮಾವ್ಶಿ?"

"ಬೇಕೂಂತಲೇ ಜಾರಿಸಿ ನೋಡುವ. ಬಾ."

ಮಣಿಪಾಲದ ಕಟ್ಟಡಗಳನ್ನು ದಾಟಿದರೆ ಆಗ ಬರೀ ಬೋಳು ಪದವು, ಮರಗಳಿಲ್ಲದ ಎತ್ತರದ ಬಯಲು. ಮಳೆಗೆ ನೆನೆದ ಕೆಂಪು ಮುರಕಲ್ಲಿನ ನೆಲದ ಮೇಲೆ ಪಾಚಿ ಹಬ್ಬಿತ್ತು. ಒಂದು ಬದಿಯಲ್ಲಿ ಕಲ್ಲು ಕಡಿದ ಹೊಂಡ, ಅದರ ತುಂಬ ಕೆಂಪು ನೀರು. ನಾನು ಮೊದಲು ನೋಡಿದ್ದೇ ಅದನ್ನು.

"ಹೊಂಡ ನೋಡಬೇಡ. ಕಣ್ಣು ಹೋದಲ್ಲಿಗೇ ಕಾರು ಹೋಗ್ತದೆ," ಎಂದರು ಮಾವ್ಶಿ. "ಮೆಲ್ಲ ಬಾ, ತಿರುಗಿಸು, ಹ್ಯಾಂಡ್‌ಬ್ರೇಕ್ ಎಳೆದು ಕೂಡಲೇ ಬಿಡು. ಹಿಂದಿನ ಚಕ್ರ ಎತ್ತ ಜಾರ್ತದೋ ಸ್ಟಿಯರಿಂಗ್ ಅತ್ತಲೇ ತಿರುಗಿಸಬೇಕು. ಕಾಲಿನ ಬ್ರೇಕ್ ಮಾತ್ರ ಒತ್ತಬೇಡ."

ಎಳೆದೆ. ಕಾರಿನ ಬಾಲ ಹೊರಗೆ ಬೀಸಿತು. ಹೇಳಿದ್ದೆಲ್ಲ ತಲೆಯಿಂದ ಹಾರಿಹೋಯಿತು. ಎರಡೂ ಕಾಲಿನಿಂದ ಬ್ರೇಕ್ ಒತ್ತಿ ಹಿಡಿದೆ. ಕಾರು ಅಡ್ಡಡ್ಡ ಹೊಂಡದ ಕಡೆಗೆ ತೇಲಿತು. ಗಾಜಿನ ತುಂಬ ಕೆಂಪು ನೀರೇ ಕಾಣಿಸಿತು.

"ಬ್ರೇಕ್ ಬಿಡು! ಬಿಡು ಮಾರಾಯ್ತಿ!"

ಕಾಲು ಎತ್ತಿದ್ದು ನಾನೋ ನನ್ನ ಭಯವೋ ತಿಳಿಯದು. ಚಕ್ರಗಳು ಉರುಳಿದವು, ಸ್ಟಿಯರಿಂಗ್ ಮಾತು ಕೇಳಿತು. ಹೊಂಡವನ್ನು ಬದಿಗೆ ಬಿಟ್ಟು ಕಾರು ಅರ್ಧ ಸುತ್ತು ಬಂದು ನಿಂತಿತು. ನಾನು ಬಾಗಿಲಿನ ಹಿಡಿಗೆ ಕೈಹಾಕಿದೆ. ಮಾವ್ಶಿ ಸೆರಗಿನಿಂದ ಮುಖ ಒರೆಸಿಕೊಂಡರು.

"ಈಗ ಇಳಿದರೆ ನೀನು ಇನ್ನು ಕಾರು ಹತ್ತುವವಳಲ್ಲ. ಇನ್ನೊಮ್ಮೆ. ಆದರೆ ಆಚೆ ಬದಿಯಲ್ಲಿ."

ಮತ್ತೆ ಎಳೆದೆ, ಮತ್ತೆ ಜಾರಿತು. ಸಂಜೆಯಾಗುವಾಗ, ಜಾರುತ್ತಿರುವ ಕಾರನ್ನು ಆಕ್ಸಿಲರೇಟರ್ ಹದಮಾಡುತ್ತಾ ಬಿಲ್ಲಿನಂತೆ ಸುತ್ತು ತರುವಷ್ಟು ಕೈ ಪಳಗಿತ್ತು. ಭಯ ಮಾತ್ರ ಹಾಗೇ ಇತ್ತು. ಆದರೆ ಕೈ ಅದು ಹೋಗಲೆಂದು ಕಾಯದೆ ತನ್ನ ಕೆಲಸ ಮಾಡುತ್ತಿತ್ತು.

ಮುಂದಿನ ವಾರ ಅಪ್ಪನನ್ನು ಕಾರಿನಲ್ಲೇ ಕರೆದುಕೊಂಡು ಹೋದೆ. ಸಣ್ಣ ಮಳೆ. ದಾರಿಯುದ್ದಕ್ಕೂ ಅವರು ಜಪಸರದ ಮಣಿ ಎಣಿಸುತ್ತಿದ್ದರು. ನಾನು ಉಸಿರು ಬಿಗಿಹಿಡಿದು ಓಡಿಸಿದೆ. ಏನೂ ಆಗಲಿಲ್ಲ. ಆಸ್ಪತ್ರೆಯ ಮುಂದೆ ನಿಲ್ಲಿಸಿದಾಗ ರವಿಕೆ ಬೆವರಿಗೆ ಬೆನ್ನಿಗಂಟಿತ್ತು.

"ಹಿಂದೆ ಹೋಗುವಾಗಲೂ ಕಾರಿನಲ್ಲೇ ಅಲ್ವಾ?" ಅಪ್ಪ ಕೇಳಿದರು.

"ಹೌದಪ್ಪ," ಎಂದೆ. ಸುತ್ತಿ ಬಂದು ಅವರ ಬಾಗಿಲು ತೆಗೆದೆ. ಅವರು ನನ್ನ ತೋಳು ಹಿಡಿದುಕೊಂಡು ಮೆಲ್ಲನೆ ಇಳಿದರು.