ನೋಯದ ಹಲ್ಲಿಗೆ ಡಾಕ್ಟರು

ನಮ್ಮ ಕಡೆ ಡಾಕ್ಟರ ಹತ್ತಿರ ಹೋಗಲು ಒಂದು ಅರ್ಹತೆ ಬೇಕು: ನೋವು. ಅದಿಲ್ಲದೆ ಹೋದರೆ ಇಲ್ಲದ ರೋಗವನ್ನು ಮನೆಗೆ ಕರೆದುಕೊಂಡು ಬಂದ ಹಾಗೆ. ಅಂಥದ್ದರಲ್ಲಿ, ನಾಲ್ಕು ವರ್ಷದ ಮಗಳು ಗೌರಿಯನ್ನು ಹಲ್ಲಿನ ಡಾಕ್ಟರಿಗೆ ಸುಮ್ಮನೆ ಒಮ್ಮೆ ತೋರಿಸಿ ಬರೋಣ ಎಂದು ನನ್ನ ಹೆಂಡತಿ ಸವಿತಾ ಹೇಳಿದಳು.

ನನ್ನ ಅವ್ವ ಹಾರಿಬಿದ್ದಳು. ನಮ್ಮ ಹಳ್ಳಿ ವಾಗದರಿಯ ಹೊಲಮನೆಯನ್ನು ನನ್ನ ತಮ್ಮನಿಗೆ ಒಪ್ಪಿಸಿ, ಮೊಮ್ಮಗಳಿಗಾಗಿಯೇ ಸೊಲ್ಲಾಪುರಕ್ಕೆ ಬಂದು ನಮ್ಮೊಡನೆ ಇರುವವಳು ಅವಳು.

"ಹಾಲಹಲ್ಲ ಹೆಂಗಿದ್ರೂ ಬೀಳ್ತಾವ. ಬೀಳೂ ಹಲ್ಲಿಗಿ ಡಾಕ್ಟರ್ ಯಾಕ ಬೇಕು?"

"ಅದಕ್ಕಿಂತ ಮೊದಲ ಹುಳುಕ ಹತ್ತಿದ್ರ ಕೂಸು ತಿನ್ನೂದು ಹೆಂಗ್ರಿ, ಅತ್ತಿ?" ಎಂದಳು ಸವಿತಾ.

ನಾನು ನವಿ ಪೇಠದಲ್ಲಿ ಬಟ್ಟೆ ಅಂಗಡಿ ಇಟ್ಟವನು. ಯಾವ ಗಿರಾಕಿಗೂ ಇಲ್ಲ ಎನ್ನದಿರುವುದು ನನ್ನ ಕಸುಬು. ಇಬ್ಬರಿಗೂ ತಲೆಯಾಡಿಸಿದೆ. ಇಬ್ಬರೂ ನನ್ನ ಮೇಲೆ ಸಿಟ್ಟಾದರು.

ತಪ್ಪು ಹೆಸರಿನದೇ ಇರಬೇಕು. ಕನ್ನಡದಲ್ಲಿ ಹಾಲುಹಲ್ಲು, ಮರಾಠಿಯಲ್ಲಿ ದುಧಾಚೆ ದಾತ. ಎರಡು ಭಾಷೆಗಳೂ ಅವನ್ನು ಮುದ್ದು ಮಾಡಿದವೇ ಹೊರತು ಮರ್ಯಾದೆ ಕೊಡಲಿಲ್ಲ. ಬಿಟ್ಟು ಹೋಗುವ ಬಾಡಿಗೆ ಮನೆಗೆ ಯಾರು ಸುಣ್ಣ ಹೊಡೆಸುತ್ತಾರೆ? ಅವ್ವನ ಪ್ರೀತಿಗೂ ಇದು ಅನುಕೂಲವೇ ಆಗಿತ್ತು. ಅತ್ತರೆ ಬೆಲ್ಲದ ಚೂರು, ಮಲಗುವಾಗ ಸಕ್ಕರೆ ಬೆರೆಸಿದ ಹಾಲು. ತನ್ನ ಹಲ್ಲಿಗೆ ಮಾತ್ರ ಅವಳು ದಿನಾ ಬೆಳಿಗ್ಗೆ ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿ, ತಿಕ್ಕುತ್ತಿದ್ದಳು.

ಸವಿತಾ ಹಟ ಬಿಡಲಿಲ್ಲ. "ನಾನೂ ಬರ್ತೀನಿ. ಕೂಸು ಅತ್ತರ ಎತ್ಕೊಂಡು ಬಂದಬಿಡ್ತೀನಿ" ಎಂದು ಅವ್ವ ಕಾವಲಿಗೆ ಹೊರಟಳು.

ಡಾಕ್ಟರು ಮರಾಠಿ ಮಾತಾಡುವ ಹರೆಯದ ಹೆಣ್ಣುಮಗಳು. ಆ ದೊಡ್ಡ ಕುರ್ಚಿ, ಮೇಲಿನ ದೀಪ ಕಂಡದ್ದೇ ಗೌರಿ ತುಟಿ ಬಿಗಿ ಹಿಡಿದಳು. ಡಾಕ್ಟರು ಮೆಲ್ಲಗೆ, "ಆಯೀಚ್ಯಾ ಮಾಂಡೀವರ ಬಸ" ಎಂದರು. ಅಮ್ಮನ ತೊಡೆಯ ಮೇಲೆ ಕೂಡು ಎಂದು ಅವರ ಅರ್ಥ. ಆದರೆ ನಮ್ಮ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ. ಗೌರಿ ಓಡಿಹೋಗಿ ಅವ್ವನ ಸೆರಗು ಹಿಡಿದಳು. ಮುಂದೆ ಬಂದಿದ್ದ ಸವಿತಾ ನಗು ತಡೆದುಕೊಂಡು ಹಿಂದೆ ಸರಿದಳು.

ಅವ್ವ ಸೀರೆ ಸರಿಮಾಡಿಕೊಂಡು ಕುರ್ಚಿ ಹತ್ತಿ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಗೌರಿ ಆದರೂ ಬಾಯಿ ತೆರೆಯಲೊಲ್ಲಳು.

"ಮೊದಲ ನೀ ಆ ಮಾಡು, ಆಯಿ."

ಅವ್ವ ಬೇರೆ ದಾರಿಯಿಲ್ಲದೆ ಬಾಯಿ ತೆರೆದಳು. ಗೌರಿ ದೀಪದ ಬೆಳಕಿನಲ್ಲಿ ಇಣುಕಿ ನೋಡಿ, "ಆಯಿ, ನಿನ್ನ ಬಾಯಾಗ ಕತ್ತಲಿ ಆಗೈತಿ!" ಎಂದಳು.

ಎಲ್ಲರಿಗಿಂತ ಜೋರಾಗಿ ನಕ್ಕವಳು ಅವ್ವ. ಅವಳ ನಗು ಕಂಡು ಗೌರಿಯೂ ಬಾಯ್ತುಂಬ ನಕ್ಕಳು. ಡಾಕ್ಟರು ಅದನ್ನೇ ಕಾದಿದ್ದವರಂತೆ ಪುಟ್ಟ ಕನ್ನಡಿಯನ್ನು ಒಳಗಿಟ್ಟರು.

ಹಿಂದಿನ ದವಡೆಹಲ್ಲಿನಲ್ಲಿ ಒಂದು ಕಪ್ಪು ಚುಕ್ಕೆ. ಈಗಲೇ ಬಂದದ್ದು ಒಳ್ಳೆಯದಾಯಿತು, ಸುಲಭವಾಗಿ ತುಂಬಬಹುದು; ಈ ಹಲ್ಲು ಬೀಳುವುದಕ್ಕೆ ಇನ್ನೂ ಎಷ್ಟೋ ವರ್ಷ ಇದೆ ಎಂದರು ಡಾಕ್ಟರು. ಅವ್ವ ಬಗ್ಗಿ ಆ ಚುಕ್ಕೆಯನ್ನೇ ನೋಡಿದಳು. ಆಮೇಲೆ ಸವಿತಾಳ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದಳು: "ಹಂಗ ಬಿಟ್ಟಿದ್ರ ಕೂಸಿಗಿ ಭಾಳ ನೋವ ಆಗತಿತ್ತೇನವಾ?"

ಸವಿತಾ ಗೆದ್ದ ಮುಖ ಮಾಡಲಿಲ್ಲ. ಅತ್ತೆಯ ಭುಜದ ಮೇಲೆ ಕೈಯಿಟ್ಟು, "ಈಗ ಆಗಂಗಿಲ್ಲ ಬಿಡ್ರಿ" ಎಂದಳು. ಹಲ್ಲು ತುಂಬುವ ತನಕ ಉಸಿರು ಬಿಗಿಹಿಡಿದು ಕೂತವಳು ಅವ್ವ. ಗೌರಿ ಆರಾಮಾಗಿಯೇ ಇದ್ದಳು.

ಬರುವಾಗ ಅವ್ವ ತನಗೂ ಒಂದು ಮೆತ್ತನೆಯ ಬ್ರಷ್ ಕೊಂಡಳು. ಮಿಶ್ರಿ ಪೂರ್ತಿ ಬಿಟ್ಟಳೆಂದು ಹೇಳಲಾರೆ. ಕೂಸಿನೆದುರು ಮಾತ್ರ ತಿಕ್ಕುವುದಿಲ್ಲ. ಬೆಳಿಗ್ಗೆ ಇಬ್ಬರೂ ಬಾಯ್ತುಂಬ ನೊರೆ ಮಾಡಿಕೊಂಡು ಬೇಸಿನ್ ಮುಂದೆ ನಿಂತರೆ, ಅಂಗಡಿಗೆ ಹೊತ್ತಾದ ನನಗೆ ಅಲ್ಲಿ ಜಾಗವೇ ಇಲ್ಲ.

ಮೊನ್ನೆ ವಾಗದರಿಯಲ್ಲಿರುವ ನನ್ನ ತಮ್ಮನ ಹೆಂಡತಿಗೆ ಅವ್ವ ಫೋನಿನಲ್ಲಿ ಹೇಳುತ್ತಿದ್ದಳು: "ಹಲ್ಲ ನೋಯೂತನಕ ಕಾಯಬ್ಯಾಡ. ಹುಡುಗ್ರು ನಗಾಕತ್ತಾಗ ತೋರಸ್ಕೊಂಡ ಬಾ. ಆಗ ಬಾಯಿ ಛಲೋ ತೆರೀತಾವ."