ಮೇಸ್ತ್ರಿಯ ಕಾಲ್ಗುಣ

ನೆಲಕ್ಕೆ ಟೈಲ್ಸ್ ಹಾಕುವವನು ಆಚೆ ಗೋಡೆಯಿಂದ ಶುರು ಮಾಡಿ ಬಾಗಿಲಿಗೆ ಬಂದು ಮುಗಿಸಬೇಕು. ಬಾಗಿಲಿನಿಂದಲೇ ಶುರು ಹಚ್ಚಿಕೊಂಡ ಶೂರ ಸಂಜೆ ಹೊತ್ತಿಗೆ ಹಸಿ ನೆಲದ ಆಚೆ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, “ಯಾರಾದ್ರೂ ಒಂದು ಹಲಗೆ ತನ್ನಿ ಸ್ವಾಮಿ” ಎಂದು ಕೂಗಬೇಕಾಗುತ್ತದೆ. ಮೇಸ್ತ್ರಿ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಮ್ಮೆ ಹಾಗೆ ಕೂಗಿದ್ದುಂಟು. ಆಮೇಲೆ ಜನ್ಮದಲ್ಲಿ ಕೂಗಲಿಲ್ಲ. ಈಗ ಊರಿನ ಆಸ್ಪತ್ರೆಯ ಓಣಿಯಿಂದ ಹಿಡಿದು ಸಿನಿಮಾ ಮಂದಿರದ ಮೆಟ್ಟಿಲ ತನಕ ಅವನು ಹಾಸಿದ ನೆಲಗಳಿವೆ. ಗೋಲಿ ಇಟ್ಟರೆ ಇಟ್ಟಲ್ಲೇ ಇರುತ್ತದೆ. ಬಚ್ಚಲಲ್ಲಿ ಇಟ್ಟರೆ ಮಾತ್ರ ನೀರು ಹೋಗುವ ಜಾಲರಿಯ ಕಡೆಗೆ ತಾನಾಗಿ ಹೊರಡುತ್ತದೆ.

ಇದೇ ಬುದ್ಧಿಯನ್ನು ಅವನು ಫುಟ್‌ಬಾಲಿಗೂ ಹಚ್ಚಿದ. ಆಡುವ ಭಾಗ್ಯ ಅವನ ಮೊಣಕಾಲುಗಳಿಗೆ ಇರಲಿಲ್ಲ, ಅವು ನೆಲಕ್ಕೆ ಊರಿಯೇ ಸವೆದವು. ದೇಶದ ತಂಡ ಹೊರದೇಶಕ್ಕೆ ಆಡಲು ಹೋದಾಗ ಅದರ ಹಿಂದೆ ಒಂದು ಬಸ್ಸು ತುಂಬ ಜನರನ್ನು ಕರೆದೊಯ್ದು, ಗಂಟಲು ಹರಿಯುವಷ್ಟು ಕೂಗಿಸಿ, ಒಬ್ಬರೂ ಕಳೆದುಹೋಗದಂತೆ ವಾಪಸ್ಸು ಅವರವರ ಮನೆ ಬಾಗಿಲಿಗೆ ಮುಟ್ಟಿಸುವುದು ಅವನು ತಾನಾಗಿ ಮೈಮೇಲೆ ಎಳೆದುಕೊಂಡ ಕೆಲಸ. ಸಂಬಳವಿಲ್ಲ, ಸನ್ಮಾನವಿಲ್ಲ. ಮೊದಲು ಸಿದ್ಧವಾಗುತ್ತಿದ್ದುದು ಬರುವ ದಾರಿ. “ಹೋಗೋದೇನು, ಯಾರು ಬೇಕಾದ್ರೂ ಹೋಗ್ತಾರೆ. ಬಾಗಿಲ ಕಡೆಗೆ ಬರ್ತಾ ಕೆಲಸ ಮಾಡ್ಬೇಕು” ಎನ್ನುತ್ತಿದ್ದ.

ಹಾಗಾಗಿ ಪಂದ್ಯ ಮುಗಿದು ಆ ಊರಿನವರು ಮೈದಾನ ಖಾಲಿ ಮಾಡುವ ತನಕ ಹೊರಗಿನವರನ್ನು ಪೊಲೀಸರು ಒಳಗೇ ಕೂರಿಸಿಕೊಳ್ಳುತ್ತಾರೆ ಎಂಬುದು ಅವನಿಗೆ ಮುಂಚೆಯೇ ಗೊತ್ತಿರುತ್ತಿತ್ತು. ಬಸ್ಸನ್ನು ಅದಕ್ಕೆ ಸರಿಯಾಗಿ ಹೇಳಿಟ್ಟಿರುತ್ತಿದ್ದ. ಪಂದ್ಯಕ್ಕೆ ಇನ್ನೂ ತಿಂಗಳುಗಳಿರುವಾಗಲೇ ಎಲ್ಲರ ಪಾಸ್‌ಪೋರ್ಟು ತರಿಸಿ, ಕನ್ನಡಕ ಹಣೆಗೇರಿಸಿ, ಮುಗಿಯುವ ತಾರೀಖನ್ನು ಒಂದೊಂದಾಗಿ ನೋಡುತ್ತಿದ್ದ. ಮಾತ್ರೆ ನುಂಗುವವರ ಚೀಟಿಯ ನಕಲು ಅವನ ಜೇಬಿನಲ್ಲಿ. ದೊಡ್ಡ ಡೋಲು ಹೊತ್ತು ಬರುವ ಡ್ರಮ್ಮು ಎಂಬ ದಢೂತಿ ಆಸಾಮಿಯ ಸಲುವಾಗಿ, ಇದರೊಳಗೆ ಗಾಳಿ ಬಿಟ್ಟರೆ ಬೇರೇನೂ ಇಲ್ಲ ಎಂದು ಗಡಿಯ ಅಧಿಕಾರಿಗಳಿಗೆ ಡೋಲು ಬಿಚ್ಚಿ ತೋರಿಸಲು ಸ್ಕ್ರೂಡ್ರೈವರ್ ಕೂಡ ಅವನ ಚೀಲದಲ್ಲೇ. ಬಸ್ಸಿನಲ್ಲಿ ಅವನು ಕೂರುವುದು ಬಾಗಿಲ ಪಕ್ಕ. ಅಷ್ಟು ದೇಶ ಸುತ್ತಿದ ಮನುಷ್ಯ ಅಲ್ಲಿ ನೋಡಿದ್ದು ಹತ್ತುವವರ ತಲೆ, ಇಳಿಯುವವರ ತಲೆ.

ಎಲ್ಲ ಸರಿ. ಆದರೆ ತಂಡ ಗೆಲ್ಲಬೇಕಲ್ಲ! ಮೇಸ್ತ್ರಿ ಹೋದ ಕಡೆಯಲ್ಲೆಲ್ಲ ಸೋಲು. ಒಮ್ಮೆ ಕೊನೇ ಗಳಿಗೆಯಲ್ಲಿ ನಮ್ಮವನೇ ನಮ್ಮ ಗೋಲಿಗೆ ಚೆಂಡು ಒದ್ದು ಸೋಲು, ಒಮ್ಮೆ ಬಿಸಿಲಿಗೆ ಬಾಡಿ ಸೋಲು, ಒಮ್ಮೆ ಸುಮ್ಮನೆ ಸೋಲು. ಒಂದೇ ಒಂದು ಸಲ ಅವನ ಮೊಣಕಾಲು ಊದಿ ಹಲಸಿನ ಹಣ್ಣಾಗಿ ಮನೆಯಲ್ಲಿ ಉಳಿದಿದ್ದ. ಆ ಸಲ ತಂಡ ಗೆದ್ದುಬಿಟ್ಟಿತು. ಅಂದಿನಿಂದ ಬಸ್ಸಿನಲ್ಲಿ ಒಂದು ತಮಾಷೆ ಹುಟ್ಟಿಕೊಂಡಿತು. ಸೋತು ಬರುವಾಗ ಹಿಂದಿನ ಸೀಟಿನಿಂದ ಡ್ರಮ್ಮು ಕೂಗುವನು: “ಮೇಸ್ತ್ರಿಗಳೇ, ಏನು ನಿಮ್ಮ ಕಾಲ್ಗುಣ!” ಬಸ್ಸಿಗೆ ಬಸ್ಸೇ ನಗುವುದು. ಮೇಸ್ತ್ರಿಯೂ ನಗುವನು. ನಕ್ಕು, ಬಾಗಿಲ ಕಡೆಗೆ ಮುಖ ತಿರುಗಿಸಿ ಕೂರುವನು. ಆ ಮಾತು ಅವನೊಳಗೆ ಸಣ್ಣ ಮುಳ್ಳಿನ ಹಾಗೆ ಮುರಿದು ಉಳಿದಿದೆಯೆಂದು ಅವರಿಗೇನು ಗೊತ್ತು? ನಿಜ ಹೇಳಬೇಕೆಂದರೆ ಅವನೇ ಅದನ್ನು ಅರ್ಧ ನಂಬಿದ್ದ.

ಹೀಗಿರುವಾಗ ಆ ದೊಡ್ಡ ಪಂದ್ಯ ಬಂತು. ಪರದೇಶದಲ್ಲಿ ಆಟ. ಸೋಲದೆ ಇದ್ದರೆ ಸಾಕು, ಸಮ ಮಾಡಿಕೊಂಡರೂ ಸಾಕು, ತಂಡ ಮೊದಲ ಬಾರಿಗೆ ದೊಡ್ಡ ಪಂದ್ಯಾವಳಿಗೆ ಹೋಗುತ್ತದೆ. ಮೇಸ್ತ್ರಿ ಎಂದಿನಂತೆ ವಾಪಸ್ಸು ಬರುವ ಬಸ್ಸನ್ನು ಮೊದಲು ಗೊತ್ತು ಮಾಡಿದ.

ಒಂದು ಮಧ್ಯಾಹ್ನ ಅವನು ಹೊಸ ಮನೆಯೊಂದರ ಬಚ್ಚಲಲ್ಲಿ ಮಂಡಿಯೂರಿ ಕೂತು ರಬ್ಬರಿನ ಸುತ್ತಿಗೆಯಿಂದ ಟೈಲ್ಸಿನ ಮೂಲೆ ತಟ್ಟುತ್ತಿದ್ದ. ಪಕ್ಕದ ಟಬ್ಬಿನಲ್ಲಿ ಉಳಿದ ಟೈಲ್ಸು ನೀರು ಕುಡಿಯುತ್ತಿದ್ದವು. ಬಾಗಿಲಲ್ಲಿ ನೆರಳು ಬಿತ್ತು. ಕಂಪೌಂಡರ್. ಔಷಧಿ ಅಂಗಡಿಯವನು, ಮೇಸ್ತ್ರಿಯ ಬಾಲ್ಯದ ಗೆಳೆಯ. ಬಸ್ಸಿನವರ ಸಭೆಗಳೆಲ್ಲ ನಡೆಯುವುದು ಅವನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕೆಮ್ಮಿನ ಔಷಧಿಯ ಡಬ್ಬಗಳ ಮೇಲೆ ಕೂತು.

“ಮೊಣಕಾಲು ಹೇಗಿದೆಯೋ?” ಎಂದ ಕಂಪೌಂಡರ್.

“ಇದ್ದಲ್ಲೇ ಇದೆ. ಒಳಗೆ ಬರ್ಬೇಡ, ನೆಲ ಹಸಿ ಇದೆ.”

“ಅಲ್ಲ, ಅಷ್ಟು ದೂರ ಬಸ್ಸಲ್ಲಿ ಕೂತ್ರೆ ಊದ್ಕೊಳ್ಳಲ್ವಾ ಅಂತ. ವಯಸ್ಸಾಯ್ತು ನೋಡು ನಮಗೂ. ಒಂದು ಸಲ ರೆಸ್ಟ್ ತಗೊಂಡ್ರೆ ತಪ್ಪೇನಿಲ್ಲ.”

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವನೇ ಅಲ್ಲ ಈ ಕಂಪೌಂಡರ್. ಮೂಲವ್ಯಾಧಿಯ ಮುಲಾಮನ್ನೂ ರಸ್ತೆಗೆ ಕೇಳುವಂತೆ ಹೆಸರು ಹೇಳಿ ಕೊಡುವವನು. ಅವನು ಹೀಗೆ ಸುತ್ತಿ ಬಳಸುವುದನ್ನು ಕಂಡು ಮೇಸ್ತ್ರಿಗೆ ಎಲ್ಲ ಅರ್ಥವಾಯಿತು. ಸುತ್ತಿಗೆ ಕೆಳಗಿಟ್ಟ.

“ನಾನು ಬರ್ಬಾರ್ದು ಅಂತಾನಾ?”

ಕಂಪೌಂಡರ್ ಚೌಕಟ್ಟಿನ ಮರವನ್ನು ಉಗುರಿನಿಂದ ಕೆರೆದ. “ನಾನು ಇದನ್ನೆಲ್ಲ ನಂಬಲ್ಲ ಕಣೋ, ನಿನಗೆ ಗೊತ್ತು. ಆದ್ರೆ ಉಳಿದವ್ರು... ಇದೊಂದು ಮ್ಯಾಚು. ಇದೊಂದು ಆಗೋಗ್ಲಿ ಅಂತಾರೆ. ಎಲ್ಲಾ ನೀನೇ ಗೊತ್ತು ಮಾಡಿಕೊಡು, ಬರೋದು ಮಾತ್ರ...”

ಮೇಸ್ತ್ರಿಯ ಮುಖ ಸುಣ್ಣವಾಯಿತು. ಕೋಪ ಬಂದಿದ್ದರೆ ವಾಸಿಯಿತ್ತು. ಬಂದದ್ದು ಅವಮಾನ, ಅದರ ಹಿಂದೆಯೇ ‘ಇವರು ಹೇಳುವುದು ನಿಜವೇ ಇದ್ದರೆ?’ ಎಂಬ ಹೆದರಿಕೆ. ಟಬ್ಬಿನ ನೀರಿಗೆ ಕೈ ಹಾಕಿದ. ಆಮೇಲೆ, “ನನ್ನ ಟಿಕೆಟ್ಟು ಡ್ರಮ್ಮಿನ ಭಾಮೈದನಿಗೆ ಕೊಡು. ಎರಡು ವರ್ಷದಿಂದ ಕೇಳ್ತಿದ್ದಾನೆ” ಎಂದು ಇನ್ನೊಂದು ಟೈಲ್ಸ್ ಎತ್ತಿಕೊಂಡ.

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಕೈ ತೊಳೆದುಕೊಂಡು, ‘ನಿಮ್ಮ ಪಾಡು ನಿಮಗೆ’ ಎನ್ನುತ್ತಿದ್ದರು. ನಾನಾಗಿದ್ದರೆ ಬಸ್ಸನ್ನು ಬೇರೆ ಊರಿಗೇ ಕಳಿಸುತ್ತಿದ್ದೆ. ಮೇಸ್ತ್ರಿ ಮಾಡಿದ್ದೇ ಬೇರೆ. ತಾನಿಲ್ಲದೆ ಹೋಗುತ್ತಿದ್ದಾರಲ್ಲ ಎಂದು ಏರ್ಪಾಡನ್ನು ಇನ್ನೂ ಗಟ್ಟಿ ಮಾಡಿದ. ಗಡಿಯಲ್ಲಿ ಯಾವ ಸಾಲು ಬೇಗ ಸಾಗುತ್ತದೆ, ಮೈದಾನದ ಹಿಂದಿನ ಗೇಟಿಗೆ ಹೋಗಲು ಯಾವ ಸೇತುವೆ ದಾಟಬೇಕು, ಸಕ್ಕರೆ ಕಾಯಿಲೆಯ ಟೀಚರಮ್ಮನಿಗೆ ಯಾವ ಹೊತ್ತಿಗೆ ಬಾಳೆಹಣ್ಣು ಕೊಡಬೇಕು, ಎಲ್ಲವನ್ನೂ ಕಂಪೌಂಡರನ್ನು ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ. “ತಲೆ ಎಣಿಸದೆ ಡ್ರೈವರಿಗೆ ‘ಹೂಂ’ ಅನ್ಬೇಡ” ಎಂದು ಮೂರು ಸಲ ಹೇಳಿದ.

ಮನೆಯಲ್ಲಿ ಮಾತ್ರ ಹೆಂಡತಿಯ ಬಾಯಿ ಕಟ್ಟುವುದಾಗಲಿಲ್ಲ. ಆಕೆ ಮನೆಗಳಿಗೆ, ಆಫೀಸುಗಳಿಗೆ ಪರದೆ ಹೊಲಿಯುವವಳು. ವಿಷಯ ಕೇಳಿದ್ದೇ ಮಿಷನ್ನಿನ ಚಕ್ರಕ್ಕೆ ಅಂಗೈ ಒತ್ತಿ ನಿಲ್ಲಿಸಿದಳು.

“ಏನಂದ್ರು? ಕಾಲ್ಗುಣವಾ? ನಾನು ಈ ಮನೆಗೆ ಕಾಲಿಟ್ಟ ವಾರವೇ ಮಾವನವರು ಏಣಿಯಿಂದ ಬಿದ್ದು ಕಾಲು ಮುರ್ಕೊಂಡ್ರು. ಅತ್ತೆ ಏನಂದಿದ್ರು, ಜ್ಞಾಪಕ ಇದೆಯೇನ್ರೀ?”

“ಇದೆ.”

“ನೀವೇನಂದ್ರಿ ಅವತ್ತು?”

ಮೇಸ್ತ್ರಿ ತಲೆ ತಗ್ಗಿಸಿದ. ಅವನು ಅಂದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಮೀಸೆ ಸರಿಯಾಗಿ ಬಲಿಯದ ಕಾಲ. ಅಮ್ಮನ ಎದುರು ಅವನು ದನಿ ಎತ್ತಿದ್ದು ಅದೊಂದೇ ಸಲ. ‘ಬಿದ್ದದ್ದು ಏಣಿ ಜಾರಿ. ಏಣಿಗೆ ಬೈಯಿ, ಇವಳಿಗೆ ಬೈಬೇಡ’ ಎಂದಿದ್ದ.

“ಅವತ್ತು ನನಗೆ ಹೇಳಿದ ಬುದ್ಧಿ ಇವತ್ತು ನಿಮಗೆ ಎಲ್ಲಿ ಹೋಯ್ತು? ಕುಣಿಯಲಾರದವರು ನೆಲ ಡೊಂಕು ಅಂದ್ರಂತೆ. ಜೀವಮಾನವೆಲ್ಲ ನೆಲ ಹಾಸಿದೋರಿಗೆ ಇದನ್ನ ನಾನು ಹೇಳ್ಕೊಡಬೇಕಾ?” ಎಂದವಳು ಮತ್ತೆ ಮಿಷನ್ನು ತುಳಿಯತೊಡಗಿದಳು. ಆ ಪರದೆಯ ಹೊಲಿಗೆ ಸೊಟ್ಟಗಾಗಿ, ಬಿಚ್ಚಿ ಹೊಲಿಯಬೇಕಾಯಿತು. ಮೇಸ್ತ್ರಿ ನಕ್ಕ, ಆದರೆ ಮನಸ್ಸು ಒಪ್ಪಲಿಲ್ಲ. ಇನ್ನೊಬ್ಬರ ಮೇಲಿನ ಅಪವಾದ ಸುಳ್ಳೆಂದು ಹೇಳುವುದು ಸುಲಭ. ತನ್ನ ಮೇಲಿನದು ಹಾಗಲ್ಲ.

ಬಸ್ಸು ಹೊರಟ ದಿನ ಅವನೇ ನಿಂತು ಎಲ್ಲರನ್ನೂ ಹತ್ತಿಸಿದ. ಬಾಗಿಲ ಪಕ್ಕದ ಸೀಟಿನಲ್ಲಿ ಕಂಪೌಂಡರ್ ಕೂತಿದ್ದ. ಯಾರೂ ಮೇಸ್ತ್ರಿಯ ಕಣ್ಣು ನೋಡಲಿಲ್ಲ.

ಪಂದ್ಯದ ದಿನ ಮಧ್ಯಾಹ್ನ ಮೇಸ್ತ್ರಿ ಟಿ.ವಿ. ಮುಂದೆ ಕುರ್ಚಿ ಹಾಕಿಕೊಂಡು ಕೂತ. ಹೆಂಡತಿ ಪರದೆಗಳಿಗೆ ಉಂಗುರ ಪೋಣಿಸುತ್ತ ಪಕ್ಕದಲ್ಲಿ ಕೂತಳು. ಟಿ.ವಿ.ಯ ಮೂಲೆಯಲ್ಲಿ ಒಂದು ಕ್ಷಣ ನಮ್ಮವರ ಗುಂಪು ಕಂಡಿತು. “ಹಿಂದಿನ ಗೇಟಿಂದಲೇ ಹೋಗಿದ್ದಾರೆ, ಸರಿಯಾಗಿ ಹೋಗಿದ್ದಾರೆ” ಎಂದು ಮೇಸ್ತ್ರಿ ಕುರ್ಚಿಯಿಂದ ಅರ್ಧ ಎದ್ದ. ಮೊದಲರ್ಧ ಯಾರೂ ಗೋಲು ಹೊಡೆಯಲಿಲ್ಲ. ಅವನು ದೇಶಕ್ಕಾಗಿ ಹಾರೈಸಿದ, ಮನಸಾರೆ ಹಾರೈಸಿದ. ಗೆದ್ದರೆ ತಾನು ಇನ್ನು ಮುಂದೆ ಒಂದು ಪಂದ್ಯಕ್ಕೂ ಹೋಗುವ ಹಾಗಿಲ್ಲ ಎಂದು ಗೊತ್ತಿದ್ದೂ ಹಾರೈಸಿದ. ಈ ಮನುಷ್ಯನ ದೊಡ್ಡತನ ಎಷ್ಟೆಂದು ಕೇಳಿದರೆ ನಾನು ಆ ಮುಕ್ಕಾಲು ಗಂಟೆಯನ್ನು ತೋರಿಸುತ್ತೇನೆ.

ಎರಡನೇ ಅರ್ಧದಲ್ಲಿ ಎದುರಾಳಿಗಳು ಒಂದು ಗೋಲು ಹೊಡೆದರು. ಮೇಸ್ತ್ರಿ ತೊಡೆ ಗುದ್ದಿಕೊಂಡು, “ಅವನನ್ನ ಒಬ್ಬನನ್ನೇ ಬಿಟ್ರಲ್ಲೋ!” ಎಂದು ಕೂಗಿದ. ಎರಡನೆಯ ಗೋಲು ಬಿತ್ತು. ಕೂಗಲು ತೆರೆದ ಬಾಯಿ ಹಾಗೇ ನಿಂತಿತು. ಎದೆಯೊಳಗಿಂದ ಏನೋ ಇಳಿದುಹೋದಂತಾಯಿತು. ತಾನು ಇಲ್ಲಿದ್ದೇನೆ. ತನ್ನ ಕಾಲುಗಳು ಇಲ್ಲಿವೆ, ಈ ಕುರ್ಚಿಯ ಕೆಳಗೆ. ಆದರೂ ಗೋಲು ಬಿತ್ತು. ಮೂರನೆಯದೂ ಬಿದ್ದಾಗ ಅವನ ಕಣ್ಣಲ್ಲಿ ನೀರು.

“ನಾನೆಂಥ ಪಾಪಿ ಕಣೇ. ತಂಡ ಮಣ್ಣು ಮುಕ್ತಾ ಇದೆ, ನನಗೆ ನೋಡು, ಎದೆ ಹಗುರ ಆಗ್ತಿದೆ.”

ಹೆಂಡತಿ ಉಂಗುರಗಳನ್ನು ಬದಿಗಿಟ್ಟಳು. “ಆಗ್ಲಿ ಬಿಡ್ರೀ. ಎಷ್ಟು ವರ್ಷ ಹೊತ್ರಿ.”

ಅವನು ಅತ್ತದ್ದು ಸೋಲಿಗೋ ಬಿಡುಗಡೆಗೋ ಎಂದರೆ, ಎರಡಕ್ಕೂ. ಒಂದೇ ಟವೆಲಿನಲ್ಲಿ ಎರಡನ್ನೂ ಒರೆಸಿಕೊಂಡ.

ಮರುದಿನ ಬೆಳಿಗ್ಗೆ ಬಸ್ಸು ಬರುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ದೊಡ್ಡ ಫ್ಲಾಸ್ಕುಗಳಲ್ಲಿ ಟೀ ತುಂಬಿಕೊಂಡು ನಿಲ್ದಾಣದಲ್ಲಿ ನಿಂತಿದ್ದರು. ಮುಖ ಸಪ್ಪೆ ಮಾಡಿಕೊಳ್ಳಬೇಕೆಂದು ಮೇಸ್ತ್ರಿ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದ. ಹೇಳಿದ ಹೊತ್ತಿಗೆ ಸರಿಯಾಗಿ ಬಸ್ಸು ಬಂತು, ಒಬ್ಬರೂ ಕಳೆದುಹೋಗಿರಲಿಲ್ಲ. ಆದರೆ ಇಳಿದವರು ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಡ್ರಮ್ಮು ಡೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಂದು ಕಡೆ ನಿಂತ, ಅವನ ಭಾಮೈದ ಇನ್ನೊಂದು ಕಡೆ. ಕಂಪೌಂಡರ್ ಇಳಿಯಲೇ ಇಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟ.

“ಏನಾಯ್ತು ಟೀಚರಮ್ಮಾ?” ಎಂದ ಮೇಸ್ತ್ರಿ, ಆಕೆಯ ಕೈಗೆ ಸಕ್ಕರೆಯಿಲ್ಲದ ಟೀ ಕೊಡುತ್ತ.

“ಏನಾಗೋದು? ದಾರಿಯುದ್ದಕ್ಕೂ ಜಗಳ ಕಣಪ್ಪಾ. ಡ್ರಮ್ಮು ಸರಿಯಾಗಿ ಬಾರಿಸಲಿಲ್ಲ ಅಂತ ಈ ಭಾಮೈದ, ನೀನು ಬಂದದ್ದಕ್ಕೇ ಸೋತ್ವಿ ಅಂತ ಡ್ರಮ್ಮು. ನಿನ್ನ ಸೀಟಲ್ಲಿ ಕೂತದ್ದಕ್ಕೆ ಕಂಪೌಂಡರನ್ನಂತೂ ಎಲ್ಲರೂ ಸೇರ್ಕೊಂಡು ಹರಿದು ತಿಂದ್ರು. ಗಡಿ ದಾಟಿದ ಮೇಲೆ ಯಾರಿಗೂ ಯಾರ ಹತ್ರಾನೂ ಮಾತಿಲ್ಲ.” ಆಕೆ ಟೀ ಊದಿದಳು. “ನೀನಿದ್ದಾಗ ಸೋತರೂ ನಗ್ತಾ ನಗ್ತಾ ಮನೆಗೆ ಬರ್ತಿದ್ವಲ್ಲೋ.”

ಕಂಪೌಂಡರ್ ಮೆಟ್ಟಿಲಿನಿಂದಲೇ, “ನನ್ನನ್ನ ಕ್ಷಮಿಸೋ. ನಿನ್ನ ಬಚ್ಚಲ ಬಾಗಿಲಲ್ಲಿ ನಿಂತು ಆ ಮಾತಾಡಿದ ನಾಲಿಗೆ ಬಿದ್ದುಹೋಗ್ಲಿ” ಎಂದ.

ಮೇಸ್ತ್ರಿ ಎಲ್ಲರ ಮುಖವನ್ನೂ ನೋಡಿದ. ಅಭ್ಯಾಸ ಮಾಡಿಕೊಂಡು ಬಂದಿದ್ದ ಸಪ್ಪೆ ಮುಖ ಎಲ್ಲೋ ಹೋಗಿ, ಒಳಗಿಂದ ನಗು ಉಕ್ಕಿ ಬಂತು.

“ಅಲ್ರಯ್ಯಾ, ಕುಣಿಯಲಾರದೋರಿಗೆ ಡೊಂಕು ಅನ್ನೋಕೆ ಒಂದು ನೆಲ ಬೇಕು ತಾನೇ? ಆ ನೆಲವನ್ನೇ ಮನೇಲಿ ಬಿಟ್ಟು ಹೋದ್ರೆ ಜಗಳ ಆಗದೆ ಇನ್ನೇನಾಗುತ್ತೆ?”

ಮೊದಲು ನಕ್ಕವನು ಡ್ರಮ್ಮು. ನಗುತ್ತ ನಗುತ್ತ ಅವನು ಅಳುವುದಕ್ಕೂ ಶುರು ಮಾಡಿದ. ಅವನ ಭಾಮೈದ ಹೋಗಿ ಡೋಲು ಹಿಡಿದುಕೊಂಡ.

“ಮುಂದಿನ ಮ್ಯಾಚಿಗೆ ನಾನು ಬರ್ತೀನಿ. ಸೋತರೆ ನನ್ನ ಕಾಲ್ಗುಣ ಅನ್ನಿ, ಎಷ್ಟು ಬೇಕಾದ್ರೂ ಅನ್ನಿ, ಇನ್ಮೇಲೆ ನನಗೇನೂ ಚುಚ್ಚಲ್ಲ” ಎಂದ ಮೇಸ್ತ್ರಿ. ಆಮೇಲೆ ಪಕ್ಕದಲ್ಲಿ ಫ್ಲಾಸ್ಕು ಹಿಡಿದು ನಿಂತಿದ್ದವಳ ಕಡೆ ತಿರುಗಿ, “ಇವಳೂ ಬರ್ತಾಳೆ. ಇವಳಿಗೂ ಹಿಂದೆ ಅದೇ ಬಿರುದು ಸಿಕ್ಕಿತ್ತು. ಇಬ್ಬರಿದ್ರೆ ಬೈಯೋದಕ್ಕೆ ನಿಮಗೂ ಅನುಕೂಲ” ಎಂದ.

ಆಕೆ ಕಂಪೌಂಡರನ ಲೋಟಕ್ಕೆ ಟೀ ಬಗ್ಗಿಸಿದಳು. “ಬರ್ತೀನಿ. ಆದ್ರೆ ನನಗೆ ಕಿಟಕಿ ಪಕ್ಕದ ಸೀಟು ಬೇಕು. ಇವರೂ ನನ್ನ ಪಕ್ಕದಲ್ಲೇ ಕೂರ್ಬೇಕು. ತಲೆ ಎಣಿಸೋದು ಬೇರೆ ಯಾರಾದ್ರೂ ಕಲ್ತುಕೊಳ್ಳಿ.”