ಹಿಂಗಾಜಿನ ಕಾಲೇಜು

ನಮ್ಮ ಒಹಾಯೊದ ಊರಲ್ಲಿ ಯಾರ ಮಕ್ಕಳು ಹೈಸ್ಕೂಲು ಮುಗಿಸಿ ಏನಾದರೆಂದು ನನ್ನ ಎದುರುಮನೆಯ ವರ್ಲಿನ್‌ನನ್ನೇ ಕೇಳಬೇಕು. ಶುಕ್ರವಾರ ಶಾಲೆಯ ಫುಟ್‌ಬಾಲ್ ಆಟಕ್ಕೆ ಮಗನ ಕಾಲೇಜಿನ ಹೆಸರು ಬರೆದ ಅಂಗಿ ತೊಟ್ಟು ಬರುತ್ತಾನೆ; ಟ್ರಕ್ಕಿನ ಹಿಂಬದಿಯ ಗಾಜಿಗೂ ಅದೇ ಹೆಸರು ಅಂಟಿಸಿದ್ದಾನೆ. “ನಿನ್ ಮಗ ಏನ್ಮಾಡ್ತಾನಪ್ಪಾ?” ಎಂದು ನನ್ನನ್ನು ಕೇಳುತ್ತಾನೆ. “ಚಾವಣಿ ಹೊದಿಸ್ತಾನೆ.” “ಪಾಪ, ಅದಕ್ಕೂ ಜನ ಬೇಕಲ್ಲ.” ಕಪಾಳಕ್ಕೆ ಬಿಗಿಯೋಣ ಅನ್ನಿಸುತ್ತದೆ ನನಗೆ. ಅವನ ಮಗ ಗ್ರಾಂಟ್ ಎರಡೇ ತಿಂಗಳಿಗೆ ಕಾಲೇಜು ಬಿಟ್ಟು ಪಕ್ಕದೂರಲ್ಲಿ ಟಯರು ಬದಲಿಸುವುದು ನಮಗೆಲ್ಲ ಗೊತ್ತು. ಭಾನುವಾರ ಮಗ ಊಟಕ್ಕೆ ಬರುವ ಮುಂಚೆ ವರ್ಲಿನ್ ಅಂಗಿ ಬದಲಿಸಿ, ಹಿಂಗಾಜು ಕಾಣದಂತೆ ಟ್ರಕ್ಕಿನ ಹಿಂಬದಿಯನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತಾನೆ. “ಅಪ್ಪಾ, ಹಿಂದಿನ ಟಯರು ಸವೆದಿರ್ಬೇಕು. ಸ್ವಲ್ಪ ಮುಂದಕ್ಕೆ ತಗೊ, ನಾನೇ ಹೊಸದು ಹಾಕ್ಕೊಡ್ತೀನಿ,” ಅನ್ನುತ್ತಾನೆ ಗ್ರಾಂಟ್. “ಬೇಡ ಬಿಡು, ಇನ್ನೂ ಓಡ್ತವೆ,” ಅನ್ನುತ್ತಾನೆ ವರ್ಲಿನ್, ಮಗನ ಮುಖ ನೋಡದೆ.